ಪಟ್ಟಣದ ಕೊಳಚೆ ನೀರೂ ಭೀಮಾ ನದಿಯೂ

ಕಲಬುರಗಿಗೆ ಸಮೀಪದ ಶರಣಸಿರಸಗಿ ಮೊದಲಾದ ಗ್ರಾಮಗಳ ಹಿಡುವಳಿದಾರರಿಗೂ ಗೌಡರಿಗೂ ಬೇಸಗೆಯಲ್ಲಿ ನೀರಿನ ಬೆಲೆ ಎಷ್ಟೆಂಬುದನ್ನು ಹೇಳಬೇಕಾದುದಿಲ್ಲ. ಬಾವಿಗಳು ಬತ್ತಿದಾಗಲೂ ಪಟ್ಟಣದ ಕೊಳಚೆ ಮಾತ್ರ ತಪ್ಪದೆ ಹರಿಯುತ್ತದೆ. ಆ ನೀರಿನ ಗತಿ ಏನಾಗತಕ್ಕದ್ದೆಂಬುದೇ ಇಲ್ಲಿಯ ವಿಚಾರ.

ಈ ಸೀಮೆಯ ಹಳ್ಳಗಳು ಕಡೆಗೆ ಭೀಮಾ ನದಿಯನ್ನು ಸೇರುವುವು. ಕಮಲಾಪುರದ ಕಡೆಯ ಬೆಣ್ಣೆತೊರೆಯು ಕಾಗಿಣಾ ನದಿಯನ್ನೂ, ಕಾಗಿಣೆಯು ಭೀಮೆಯನ್ನೂ, ಭೀಮೆಯು ಕೃಷ್ಣೆಯನ್ನೂ ಕೂಡುತ್ತವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಕರ್ನಾಟಕದ 17 ನದಿಗಳಲ್ಲಿ ಮಲಿನವಾದ ಭಾಗಗಳನ್ನು ಗುರುತಿಸಿತು. ಅವುಗಳಲ್ಲಿ ಭೀಮೆಯೂ ಕಾಗಿಣೆಯೂ ಸೇರಿದ್ದವು.

2011ರ ಜನಗಣತಿಯಂತೆ ಕಲಬುರಗಿ ನಗರದ ಜನಸಂಖ್ಯೆ 5,33,587. ಒಬ್ಬನಿಗೆ ದಿನಕ್ಕೆ 135 ಲೀಟರು ನೀರು ದೊರೆತರೆ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಕೊಳಚೆಯಾಗುವುದೆಂದು ಎಂಜಿನಿಯರರು ಎಣಿಸುತ್ತಾರೆ. ಈ ಲೆಕ್ಕದಿಂದ ದಿನವೊಂದಕ್ಕೆ ಸುಮಾರು 5 ಕೋಟಿ 76 ಲಕ್ಷ ಲೀಟರಾಯಿತು. ಕೊಳಚೆಯಲ್ಲಿನ ಮಲಾದಿಗಳು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರುತ್ತವೆ. ಒಂದು ಲೀಟರು ಕೊಳಚೆಗೆ ಸುಮಾರು 250 ಮಿಲಿಗ್ರಾಂ ಆಮ್ಲಜನಕ ಬೇಕು. ಬಿಸಿಲ ಕಾಲದಲ್ಲಿ ಒಂದು ಲೀಟರು ಹೊಳೆಯ ನೀರಿನಲ್ಲಿರುವುದು ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ. ಎಂದರೆ ಒಂದು ಕೊಡ ಕೊಳಚೆಯು ಮೂವತ್ತಕ್ಕೂ ಹೆಚ್ಚು ಕೊಡ ನದೀಜಲದ ಉಸಿರನ್ನು ನುಂಗಬಲ್ಲುದು. ಚೈತ್ರ ವೈಶಾಖಗಳಲ್ಲಿ ಭೀಮೆಯು ಮಡುಗಳಾಗಿ ನಿಂತಾಗ ಮೀನುಗಳು ಬದುಕುವ ಬಗೆ ಹೇಗೆ?

ಶುದ್ಧೀಕರಣ ಸ್ಥಾವರದಲ್ಲಿ ನಡೆಯುವುದು ಮಂತ್ರವಲ್ಲ. ನದಿಯು ಹಲವು ಹರದಾರಿ ಹರಿದು ಮಾಡುವ ಕೆಲಸವನ್ನು ಅಲ್ಲಿ ಕೆಲವೇ ಗಂಟೆಗಳಲ್ಲಿ ಮಾಡಿಸುತ್ತಾರೆ. ಮೊದಲು ಕಂಬಿಯ ಜಾಲರಿಯು ಚಿಂದಿ ಕಸಗಳನ್ನು ತಡೆಯುತ್ತದೆ. ಮರಳು ಒಂದು ತೊಟ್ಟಿಯಲ್ಲಿ ಕೂರುತ್ತದೆ, ಗಸಿಯು ಮತ್ತೊಂದರಲ್ಲಿ. ಆಮೇಲೆ ನೀರಿಗೆ ಗಾಳಿಯನ್ನು ಊದುತ್ತಾರೆ. ಗಾಳಿ ಸಿಕ್ಕ ಸೂಕ್ಷ್ಮಜೀವಿಗಳು ಕಲ್ಮಷವನ್ನು ತಿಂದು ವೃದ್ಧಿಸಿ, ಕೆಸರಾಗಿ ತಳಕ್ಕಿಳಿಯುತ್ತವೆ. ಆ ಜೀವಂತ ಕೆಸರಿನ ಒಂದು ಪಾಲನ್ನು, ಮೊಸರಿಗೆ ಹೆಪ್ಪು ಹಾಕುವಂತೆ, ಹೊಸ ಕೊಳಚೆಗೆ ಮತ್ತೆ ಬೆರೆಸುವರು. ಈ ಕ್ರಮವು 1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪ್ರಕಟವಾಯಿತು. ತಿಳಿಯಾದ ನೀರಿಗೆ ಕಡೆಯಲ್ಲಿ ಕ್ಲೋರಿನ್ ಹಾಕುವುದುಂಟು.

ಆದರೆ ಸ್ಥಾವರಕ್ಕೆ ಕೊಳಚೆ ತಲಪಿದರಲ್ಲವೇ ಶುದ್ಧಿ? ಹುಬ್ಬಳ್ಳಿ-ಧಾರವಾಡಗಳ ಸುತ್ತಲಿನ ರೈತರು ಬಹುಕಾಲ ಹಳ್ಳಗಳ ಕೊಳಚೆಯನ್ನೇ ಯಂತ್ರದಿಂದೆತ್ತಿ ತರಕಾರಿಗೂ ಪೈರಿಗೂ ಹಾಯಿಸಿದರು. ಒಳಚರಂಡಿಯ ಗುಂಡಿಯನ್ನು ಕಟ್ಟಿ ನೀರನ್ನು ಹೊಲಕ್ಕೆ ತಿರುಗಿಸಿದ್ದೂ ಉಂಟು. ಅವರನ್ನು ಬರಿದೆ ಹಳಿಯುವುದು ನ್ಯಾಯವಲ್ಲ. ನೀರೂ ಗೊಬ್ಬರವೂ ಒಟ್ಟಿಗೆ ಪುಕ್ಕಟೆಯಾಗಿ ಬಂದರೆ ಯಾವ ಒಕ್ಕಲಿಗನು ಬಿಟ್ಟಾನು? ಆದರೆ ಅದರೊಡನೆ ಕಳೆ, ಕೀಟಗಳ ಹಾವಳಿಯೂ ಬಂದಿತು. ಬರಿಗಾಲಿನಲ್ಲಿ ನೀರು ಕಟ್ಟುವವನಿಗೆ ಕೊಕ್ಕೆಹುಳುವಿನ ಭಯವೂ, ಹಸಿಯಾಗಿ ತಿನ್ನುವ ಸೊಪ್ಪಿನ ಮೂಲಕ ಮಕ್ಕಳಿಗೆ ಜಂತುವಿನ ಬಾಧೆಯೂ ತಪ್ಪವು.

ಆದುದರಿಂದ ನೀರನ್ನು ಸ್ಥಾವರದ ಮೇಲುಗಡೆ ಎತ್ತದೆ, ಕೆಳಗಡೆ ಅಪ್ಪಣೆ ಪಡೆದು ಎತ್ತತಕ್ಕದ್ದು. ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವುದಾದರೆ 100 ಮಿಲಿಲೀಟರಿನಲ್ಲಿ ಮಲಜನ್ಯ ಕೋಲಿಫಾರ್ಮ್ ಜೀವಾಣುಗಳು 1000ಕ್ಕೆ ಮೀರಬಾರದೆಂದೂ, ಲೀಟರಿಗೆ ಒಂದಕ್ಕಿಂತ ಹೆಚ್ಚು ಜಂತುವಿನ ಮೊಟ್ಟೆ ಇರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 1989ರಲ್ಲಿ ಸೂಚಿಸಿತು. ಪರೀಕ್ಷೆಯ ಫಲ ಕೈಸೇರುವವರೆಗೆ ಮೇವು, ಮರಗಳಿಗಷ್ಟೇ ಹಾಯಿಸುವುದು ಲೇಸು. ತೊಗರಿಗೆ ಮಿತಿಮೀರಿ ಹಾಯಿಸಿದರೆ ಗಿಡ ಸೊಪ್ಪಾಗಿ ಬೆಳೆದು ಕಾಯಿ ಕಡಿಮೆಯಾಗುವುದು.

ಇನ್ನೊಂದು ಮಾತು. ಈ ಶುದ್ಧೀಕರಣದಿಂದ ಕರಗಿದ ಉಪ್ಪು ಹೋಗುವುದಿಲ್ಲ. ನೀರು ಬೇಗ ಬಸಿಯದ ನಮ್ಮ ಎರೆಭೂಮಿಯಲ್ಲಿ ಅದು ವರ್ಷವರ್ಷಕ್ಕೂ ಕೂಡುತ್ತ ಹೋಗುವುದು. ಹಾಯಿಸುವ ಮೊದಲು ಒಮ್ಮೆಯೂ, ಅನಂತರ ಪ್ರತಿ ಬೇಸಗೆಯಲ್ಲಿಯೂ ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಹೊಲದ ಕೆಳಬದುವಿನಲ್ಲಿ ಬಸಿಗಾಲುವೆಯನ್ನು ಮುಂಗಾರಿಗೆ ಮುಂಚೆ ತೋಡಿಸತಕ್ಕದ್ದು.