ಕಾರ್ಮಿಕ ಪ್ರತಿನಿಧಿಗಳೂ ಮಾಹಿತಿ ವ್ಯವಸ್ಥೆಗಳ ರಚನೆಯೂ

ಕಾರ್ಖಾನೆಯೊಳಕ್ಕೆ ಗಣಕಯಂತ್ರವು ಬರುವಾಗ ಅದರೊಡನೆ ಒಂದು ಭಾಷೆಯೂ ಬರುತ್ತದೆ. ಯಾವ ಯಂತ್ರ ಎಷ್ಟು ಹೊತ್ತು ನಿಂತಿತು, ಯಾವ ಕೆಲಸಕ್ಕೆ ಎಷ್ಟು ನಿಮಿಷ ಸಲ್ಲತಕ್ಕದ್ದು, ನಾಳಿನ ಪಾಳಿಗೆ ಎಷ್ಟು ಮಂದಿ ಬೇಕು ಎಂಬುದೆಲ್ಲ ಆ ಭಾಷೆಯಲ್ಲಿಯೇ ದಾಖಲಾಗುತ್ತದೆ. ಅದನ್ನು ರೂಪಿಸಿದವರು ಸಾಮಾನ್ಯವಾಗಿ ಆಡಳಿತವರ್ಗದವರು ಮತ್ತು ಅವರು ನೇಮಿಸಿಕೊಂಡ ತಜ್ಞರು. ಇಂಥಲ್ಲಿ ಸಂಘದ ಸ್ಥಳೀಯ ಪ್ರತಿನಿಧಿಯು ಮಾತುಕತೆಗೆ ಕುಳಿತನೆಂದರೆ, ಎದುರುಪಕ್ಷದ ಲೆಕ್ಕವನ್ನು ಎದುರುಪಕ್ಷದ ಪುಸ್ತಕದಿಂದಲೇ ಓದಬೇಕಾದ ಸ್ಥಿತಿ ಅವನದಾಗುತ್ತದೆ.

ಈ ತೊಡಕನ್ನು ಮೊದಲಿಗೆ ನೇರವಾಗಿ ಎದುರಿಸಿದವರಲ್ಲಿ ನಾರ್ವೆ ದೇಶದ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘವು ಮುಖ್ಯವಾದುದು. 1970ರ ದಶಕದ ಆದಿಯಲ್ಲಿ ಅದು ಕ್ರಿಸ್ಟೆನ್ ನ್ಯೂಗಾರ್ಡ್ ಅವರ ನೆರವನ್ನು ಪಡೆದು ಸಂಶೋಧನೆಯೊಂದನ್ನು ಕೈಕೊಂಡಿತು. ಒಲೆ-ಯೋಹಾನ್ ಡಾಲ್ ಅವರೊಡಗೂಡಿ 1960ರ ದಶಕದಲ್ಲಿ ಸಿಮುಲಾ ಎಂಬ ಗಣಕಭಾಷೆಯನ್ನು ನಿರ್ಮಿಸಿದವರು ಇವರೇ. ಉದ್ಯಮಗಳ ಕಾರ್ಯವಿಧಾನವನ್ನು ವಿಶ್ಲೇಷಿಸಲು ತಕ್ಕ ಸಾಧನವನ್ನು ನಿರ್ಮಿಸಿದ ವ್ಯಕ್ತಿಯೇ, ಅದರ ಫಲವನ್ನು ಅನುಭವಿಸುವ ಕಾರ್ಮಿಕರ ಕಡೆಗೆ ತಿರುಗಿದರೆಂಬುದು ಗಮನಾರ್ಹ.

ಮೊದಲ ಯೋಜನೆ ವಿದ್ಯಾಪೀಠಗಳಿಗೆ ಪರಿಚಿತವಾದ ರೀತಿಯದೇ ಆಗಿತ್ತು: ಬಳಕೆಯಲ್ಲಿರುವ ವ್ಯವಸ್ಥೆಗಳನ್ನು ಪರೀಕ್ಷಿಸುವುದು, ಸದಸ್ಯರ ಅಪೇಕ್ಷೆಗಳನ್ನು ಸಂಗ್ರಹಿಸುವುದು, ವರದಿ ಬರೆಯುವುದು. ಆದರೆ ಅಂಥ ವರದಿಯಿಂದ ಕಾರ್ಖಾನೆಯಲ್ಲಿ ಏನೂ ಬದಲಾಗದೆಂಬುದು ಬೇಗನೆ ಮನವರಿಕೆಯಾಯಿತು. ಆಗ ಅವರು 'ಫಲಿತಾಂಶ' ಎಂಬ ಪದದ ಅರ್ಥವನ್ನೇ ಮಾರ್ಪಡಿಸಿದರು. ಸಂಶೋಧನೆಯ ಪ್ರೇರಣೆಯಿಂದ ಸಂಘವು ಕೇಂದ್ರದಲ್ಲಾಗಲಿ ಸ್ಥಳೀಯವಾಗಲಿ ಕೈಕೊಳ್ಳುವ ಕ್ರಿಯೆಯೇ ಫಲಿತಾಂಶ, ಸಂಶೋಧಕನ ಬರಹವಲ್ಲ. ನನ್ನ ದೃಷ್ಟಿಯಲ್ಲಿ ಈ ಪ್ರಯತ್ನದ ತಿರುಳು ಇದೇ. ಅಲ್ಲಿಂದ ಮುಂದೆ ಕಾರ್ಖಾನೆಯ ಸಂಘಗಳೇ ಅಧ್ಯಯನ ಮಂಡಲಿಗಳನ್ನು ರಚಿಸಿ ತಮ್ಮ ಪ್ರಶ್ನೆಗಳನ್ನು ತಾವೇ ಎತ್ತಿದವು. ಅವುಗಳಿಗೆ ಉಪಯುಕ್ತವಾಗುವ ಪಠ್ಯಪುಸ್ತಕವನ್ನು ಸಂಶೋಧಕರು ಬರೆದುಕೊಟ್ಟರು. ಪಂಡಿತನು ಇಲ್ಲಿ ಗುರುವೆಂಬುದಕ್ಕಿಂತ ಕರೆದಾಗ ಒದಗುವ ಸಹಾಯಕನಾದನು.

ಇದರ ಪರಿಣಾಮವು ಕಾಗದದ ಮೇಲೂ ಮೂಡಿತು. 1975ರಲ್ಲಿ ನಾರ್ವೆಯ ಕಾರ್ಮಿಕ ಒಕ್ಕೂಟಕ್ಕೂ ಮಾಲೀಕರ ಒಕ್ಕೂಟಕ್ಕೂ ರಾಷ್ಟ್ರಮಟ್ಟದ ಒಪ್ಪಂದವಾಯಿತು. ಹೊಸ ವ್ಯವಸ್ಥೆಯ ವಿಚಾರವನ್ನು ತಜ್ಞನಲ್ಲದವನಿಗೂ ತಿಳಿಯುವ ಮಾತಿನಲ್ಲಿ ತಿಳಿಸಬೇಕೆಂಬುದು ಅದರಲ್ಲಿನ ಒಂದು ಕರಾರು. ಗಣಕ ವಿಷಯಗಳಿಗೆಂದೇ ಪ್ರತಿನಿಧಿಯನ್ನು ಆರಿಸಿಕೊಳ್ಳಲು ಕಾರ್ಮಿಕರಿಗೆ ಅವಕಾಶವೂ ದೊರೆಯಿತು.

ಮಾಹಿತಿ ಪಡೆಯುವ ಹಕ್ಕು ದೊರೆತ ಮಾತ್ರಕ್ಕೆ ಸಮಸ್ಯೆ ತೀರಲಿಲ್ಲ. ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ ಯಂತ್ರಗಳೆಲ್ಲ ಒಂದೇ ಬಗೆಯವಾದರೆ, ಪ್ರತಿನಿಧಿಗೆ ಬೇಡವೆನ್ನಲು ಸಾಧ್ಯವೇ ಹೊರತು ಇಂಥದು ಬೇಕೆನ್ನಲು ಸಾಧ್ಯವಿಲ್ಲ. ಈ ಕೊರತೆಯನ್ನು ತುಂಬಲು 1981ರಲ್ಲಿ ಮುದ್ರಣ ಕಾರ್ಮಿಕರೂ ಸ್ವೀಡನ್-ಡೆನ್ಮಾರ್ಕ್ ಸಂಶೋಧಕರೂ ಕೂಡಿ ಯುಟೋಪಿಯಾ ಎಂಬ ಯೋಜನೆಯನ್ನು ಆರಂಭಿಸಿದರು. ವೃತ್ತಪತ್ರಿಕೆಯ ಪುಟಜೋಡಣೆಗೆ ಬೇಕಾದ ಉಪಕರಣವನ್ನು ಅವರು ಮೊದಲು ಮರದ ಹಲಗೆ, ಕಾಗದ, ರಟ್ಟಿನ ಪೆಟ್ಟಿಗೆಗಳಲ್ಲಿ ಮಾಡಿ ನೋಡಿದರು. ಲೇಸರ್ ಮುದ್ರಣಯಂತ್ರವೆಂದು ಹೆಸರು ಬರೆದ ಖಾಲಿ ಪೆಟ್ಟಿಗೆಯ ಮುಂದೆ ಅನುಭವಿ ಕೆಲಸಗಾರರು ನಿಂತು ದುಡಿಮೆಯನ್ನು ಅಭಿನಯಿಸಿದುದನ್ನು ಕೇಳಿ ನಗುವವರುಂಟು. ಆದರೆ ನಕ್ಷೆಯಲ್ಲಿ ಹೇಳಲಾಗದ ಆಕ್ಷೇಪಣೆಗಳು ಕೈಯಾಡಿಸಿದಾಗ ಹೊರಬಿದ್ದವು. ರಟ್ಟನ್ನು ಕತ್ತರಿಸಿ ತಿದ್ದಲು ಯಾರ ಅನುಮತಿಯೂ ಬೇಕಿರಲಿಲ್ಲ.

ಇಂದು ಪ್ರತಿನಿಧಿಗಳು ಅಂತರ್ಜಾಲದ ಮೂಲಕ ಒಪ್ಪಂದಗಳನ್ನೂ ದೂರುಗಳನ್ನೂ ಹಂಚಿಕೊಳ್ಳುವ ವ್ಯವಸ್ಥೆಯನ್ನು ರಚಿಸುವಾಗಲೂ ಇದೇ ಕ್ರಮ ಅನ್ವಯಿಸುತ್ತದೆ. ಆದರೆ ಇಲ್ಲಿ ಹೊಸದೊಂದು ಪ್ರಶ್ನೆ ಸೇರಿದೆ. ಸದಸ್ಯನೊಬ್ಬನು ಬರೆದ ದೂರು ಸಂಸ್ಥೆಯದೇ ಗಣಕದ ಮೂಲಕ ಹಾದುಹೋದರೆ, ಅದನ್ನು ಯಾರು ಓದಬಲ್ಲರು? ಈ ಪ್ರಶ್ನೆಯನ್ನು ಪರದೆಯ ವಿನ್ಯಾಸಕ್ಕಿಂತ ಮೊದಲು ಎತ್ತಬೇಕು. ಎತ್ತುವವನು ಆ ದೂರನ್ನು ಸ್ವೀಕರಿಸುವ ಪ್ರತಿನಿಧಿಯೇ ಆಗಿರಬೇಕು.