ಅರ್ಧ ಗಂಟೆಗೇ ಏಳುವ ಕೂಸು

ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡ, ಮಡಕಶಿರ, ಅತ್ತ ರಾಯದುರ್ಗದ ಕಡೆಯ ಹಳ್ಳಿಗಳ ತಾಯಂದಿರೇ, ಅಜ್ಜಿಯರೇ, ಈ ಹೊತ್ತಿನ ಮಾತು ನಿಮಗಾಗಿ. ಅಪ್ಪಂದಿರೂ ಎದ್ದು ಹೋಗಬೇಡಿ. ಇದರಲ್ಲಿ ನಿಮಗೂ ಕೆಲಸವಿದೆ.

ಎರಡು ತಿಂಗಳ ಕೂಸು ಎದೆಹಾಲು ಕುಡಿಯುತ್ತಾ ತೋಳಲ್ಲೇ ನಿದ್ದೆ ಹೋಯಿತು ಅನ್ನಿ. ಮೆಲ್ಲಗೆ ಜೋಲಿಗೆ ಹಾಕಿ ನೀವು ಪಾತ್ರೆ ತೊಳೆಯಲು ಕೂತಿರಿ. ಅರ್ಧ ಪಾತ್ರೆ ತೊಳೆಯುವಷ್ಟರಲ್ಲಿ ಅಳು. ಮತ್ತೆ ಎತ್ತಿಕೊಂಡಿರಿ, ಮತ್ತೆ ಹಾಲು, ಮತ್ತೆ ಜೋಲಿ, ಮತ್ತೆ ಅಳು. ಸಂಜೆಯಾದರಂತೂ ಕೇಳುವುದೇ ಬೇಡ. ಮನೆಯ ಹಿರಿಯರು "ಹಾಲು ಸಾಲದಮ್ಮ" ಅಂದರು. ಪಕ್ಕದ ಮನೆಯವರು "ಪಾಲು ಚಾಲಡಂ ಲೇದು" ಅಂದರು. ಕನ್ನಡದಲ್ಲಿ ಹೇಳಲಿ, ತೆಲುಗಿನಲ್ಲಿ ಹೇಳಲಿ, ತೀರ್ಪು ಒಂದೇ. ಮಾರನೆಯ ದಿನ ಅಂಗಡಿಯಿಂದ ಹಾಲಿನ ಪುಡಿಯ ಡಬ್ಬ, ಬಾಟಲಿ ಮನೆಗೆ ಬರುತ್ತವೆ.

ತಾಯಂದಿರೇ, ಈ ತೀರ್ಪು ಬಹಳ ಸಲ ತಪ್ಪಾಗಿರುತ್ತದೆ. ಏಕೆಂದು ನೋಡೋಣ.

ಮೊದಲು ನಿದ್ದೆಯ ವಿಷಯ. ಹುಟ್ಟಿದ ಮೊದಲ ಮೂರು ತಿಂಗಳು ಕೂಸು ದಿನಕ್ಕೆ ಸುಮಾರು 14ರಿಂದ 17 ಗಂಟೆ ಮಲಗುತ್ತದೆ. ಆದರೆ ಒಟ್ಟಿಗೆ ಅಲ್ಲ, ತುಂಡು ತುಂಡಾಗಿ. ದೊಡ್ಡವರ ಒಂದು ಸುತ್ತು ನಿದ್ದೆ ಸುಮಾರು ಒಂದೂವರೆ ಗಂಟೆಯಾದರೆ, ಕೂಸಿನದು ಮುಕ್ಕಾಲು ಗಂಟೆಯ ಆಸುಪಾಸು. ಅದರಲ್ಲೂ ಅರ್ಧ ಭಾಗ ಹಗುರ ನಿದ್ದೆ. ಆಗ ರೆಪ್ಪೆ ಅಲುಗುತ್ತದೆ, ತುಟಿ ನಗುತ್ತದೆ, ಕೈಕಾಲು ಮಿಸುಕುತ್ತವೆ. ಒಂದು ಸುತ್ತು ಮುಗಿದಾಗ ನಾವು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಕೂಸಿಗೆ ಇನ್ನೂ ಆ ವಿದ್ಯೆ ಬಂದಿಲ್ಲ, ಅದು ಎದ್ದುಬಿಡುತ್ತದೆ. ಹಗಲು ಯಾವುದು, ರಾತ್ರಿ ಯಾವುದು ಎಂಬುದೂ ಅದರ ಮೈಗೆ ತಿಳಿಯಲು ಎರಡು ಮೂರು ತಿಂಗಳು ಬೇಕು.

ಎರಡನೆಯದು ಹೊಟ್ಟೆ. ಕೂಸಿನ ಹೊಟ್ಟೆ ಚಿಕ್ಕದು. ಎದೆಹಾಲು ಬೇಗ ಅರಗುತ್ತದೆ. ಹಾಗಾಗಿ ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಹಜ. ಕೆಲವು ದಿನ, ಅದರಲ್ಲೂ ಸಂಜೆ ಹೊತ್ತು, ಗಂಟೆಗೊಮ್ಮೆ ಕೇಳಬಹುದು.

ಮೂರನೆಯದು ಅಳು. ಎರಡು ವಾರದ ಕೂಸಿಗಿಂತ ಆರು ವಾರದ ಕೂಸು ಹೆಚ್ಚು ಅಳುತ್ತದೆ. ಆ ಸುಮಾರಿಗೆ ಅಳು ಏರಿ, ಮೂರು ನಾಲ್ಕು ತಿಂಗಳ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಇದು ನಿಮ್ಮ ಮನೆಯೊಂದರ ಕಥೆಯಲ್ಲ, ಲೋಕದ ಎಲ್ಲ ಕಡೆಯ ಕೂಸುಗಳ ಕಥೆ.

ಹಾಗಾದರೆ ಹಾಲು ಸಾಲುತ್ತದೋ ಇಲ್ಲವೋ ತಿಳಿಯುವುದು ಹೇಗೆ? ಅಳುವನ್ನು ನೋಡಿ ಅಲ್ಲ, ಬಟ್ಟೆ ಮತ್ತು ತೂಕ ನೋಡಿ. ಐದು ದಿನ ಕಳೆದ ಮೇಲೆ, ಎದೆಹಾಲು ಬಿಟ್ಟು ಬೇರೇನೂ ಕೊಡದ ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು. ಹುಟ್ಟಿದಾಗ ಇದ್ದ ತೂಕ ಮೊದಲ ದಿನಗಳಲ್ಲಿ ಕೊಂಚ ಇಳಿದು, ಎರಡು ವಾರದೊಳಗೆ ಮತ್ತೆ ಬರಬೇಕು. ಆಮೇಲೆ ಮೊದಲ ಮೂರು ತಿಂಗಳು ವಾರಕ್ಕೆ ಸುಮಾರು 150ರಿಂದ 200 ಗ್ರಾಂ ಏರಬೇಕು. ಅಂಗನವಾಡಿಯಲ್ಲಿ ತೂಗಿಸಿ, ಕಾರ್ಡಿನಲ್ಲಿ ಬರೆಸಿ. ನಮ್ಮ ಸೀಮೆಯಲ್ಲಿ ಎಷ್ಟೋ ಹೆಣ್ಣುಮಕ್ಕಳ ತವರು ಶಿರಾ, ಪಾವಗಡ, ಹಿರಿಯೂರು ಕಡೆ. ಬಾಣಂತನ ಅಲ್ಲಿ, ಗಂಡನ ಮನೆ ಇಲ್ಲಿ. ಗಡಿ ದಾಟುವಾಗ ಕೂಸಿನ ಬಟ್ಟೆಯ ಗಂಟಿನಲ್ಲಿ ಆ ಕಾರ್ಡೂ ಇರಲಿ. ಅಲ್ಲಿ ತೂಗಿದ್ದು ಇಲ್ಲಿಯವರಿಗೆ ಗೊತ್ತಾಗಬೇಕಲ್ಲ.

ತೂಕ ಏರುತ್ತಿದ್ದರೆ ಡಬ್ಬದ ಹಾಲು ಬೇಡ. ಎದೆಹಾಲಿನ ಲೆಕ್ಕ ಬಾವಿಯ ಊಟೆಯ ಹಾಗೆ. ಸೇದಿದಷ್ಟೂ ಊರುತ್ತದೆ. ಬಾಟಲಿಯಿಂದ ಹೊಟ್ಟೆ ತುಂಬಿದ ಕೂಸು ಎದೆ ಚೀಪುವುದು ಕಡಿಮೆ. ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆ. ಆಗ "ಹಾಲು ಸಾಲದು" ಎಂಬ ಸುಳ್ಳು ಮಾತು ಹದಿನೈದು ದಿನದಲ್ಲಿ ನಿಜವಾಗಿಬಿಡುತ್ತದೆ. ಬಾಟಲಿ ಸರಿಯಾಗಿ ಕುದಿಸದಿದ್ದರೆ ಭೇದಿಯ ಭಯ ಬೇರೆ. ಹಾಲಿನ ಪುಡಿ, ಬಾಟಲಿಗಳ ಜಾಹೀರಾತನ್ನು ತಡೆಯಲು 1992ರಲ್ಲಿ ನಮ್ಮ ದೇಶ ಕಾನೂನನ್ನೇ ಮಾಡಿತು. ಆರು ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು. ಬೇಸಿಗೆಯಲ್ಲೂ ನೀರು ಬೇಡ. ಗ್ರೈಪ್ ವಾಟರ್, ಸಕ್ಕರೆ ನೀರು, ಬಜೆ ತೇಯ್ದು ನೆಕ್ಕಿಸುವುದು ಬೇಡ. ಜೇನುತುಪ್ಪವನ್ನು ವರ್ಷ ತುಂಬುವವರೆಗೆ ಮುಟ್ಟಿಸಲೇಬೇಡಿ. ಡಾಕ್ಟರು ಬರೆದುಕೊಟ್ಟ ಔಷಧಿ ಮಾತ್ರ ಕೊಡಿ.

ಇನ್ನು ಮಾಡಬೇಕಾದ್ದು ಏನು?

ಒಂದು, ಕೂಸು ಆಕಳಿಸಿದಾಗ, ಕಣ್ಣುಜ್ಜಿದಾಗ, ಮುಖ ಅತ್ತ ತಿರುಗಿಸಿದಾಗಲೇ ಮಲಗಿಸಿ. ಈ ವಯಸ್ಸಿನ ಕೂಸು ಗಂಟೆ, ಒಂದೂವರೆ ಗಂಟೆ ಎಚ್ಚರವಿದ್ದರೆ ದಣಿಯುತ್ತದೆ. ದಣಿವು ಮೀರಿದ ಕೂಸು ಹೆಚ್ಚು ರಚ್ಚೆ ಹಿಡಿಯುತ್ತದೆ.

ಎರಡು, ತೋಳಲ್ಲಿ ನಿದ್ದೆ ಹೋದ ತಕ್ಷಣ ಕೆಳಗಿಳಿಸಬೇಡಿ. ಮೊದಲು ಬರುವುದು ಹಗುರ ನಿದ್ದೆ. ಸ್ವಲ್ಪ ಹೊತ್ತು ಕಾಯಿರಿ. ಕೈ ಎತ್ತಿ ಬಿಟ್ಟರೆ ಸಡಿಲವಾಗಿ ಬಿದ್ದಿತೆಂದರೆ ನಿದ್ದೆ ಗಟ್ಟಿಯಾಗಿದೆ ಎಂದು ತಿಳಿಯಿರಿ.

ಮೂರು, ಮಿಸುಕಿದ ಕೂಡಲೇ ಓಡಿಹೋಗಿ ಎತ್ತಬೇಡಿ. ಒಂದು ನಿಮಿಷ ನೋಡಿ. ಎದೆಯ ಮೇಲೆ ಕೈಯಿಟ್ಟು ಮೆಲ್ಲಗೆ ಜೋಗುಳ ಹಾಡಿ. ಕನ್ನಡದ ಜೋಗುಳವಾದರೂ ಸರಿ, ತೆಲುಗಿನ ಜೋಲಪಾಟವಾದರೂ ಸರಿ. ಅಳು ಜೋರಾದರೆ ಎತ್ತಿಕೊಳ್ಳಿ. ಎತ್ತಿಕೊಂಡರೆ ಕೂಸು ಕೆಡುವುದಿಲ್ಲ.

ನಾಲ್ಕು, ಹಗಲು ಬೆಳಕಿನಲ್ಲಿ, ಮನೆಯ ಸದ್ದಿನ ನಡುವೆ ಮಲಗಲಿ. ರಾತ್ರಿ ದೀಪ ಸಣ್ಣದು, ಮಾತು ಕಡಿಮೆ. ಹಾಲು ಕುಡಿಸಿ, ತೇಗಿಸಿ, ಮಲಗಿಸಿ.

ಐದು, ಕೂಸನ್ನು ಅಂಗಾತವಾಗಿ, ಚಪ್ಪಟೆಯಾದ ಗಟ್ಟಿ ಹಾಸಿಗೆಯಲ್ಲಿ ಮಲಗಿಸಿ. ದಿಂಬು ಬೇಡ. ಸೀರೆಯ ಜೋಲಿಯಲ್ಲಿ ಗದ್ದ ಎದೆಗೆ ಒತ್ತಿದರೆ ಉಸಿರಿಗೆ ತೊಂದರೆ. ಆದ್ದರಿಂದ ಜೋಲಿಯಲ್ಲಿ ತೂಗಿದರೂ ಕಣ್ಣೆದುರಿಗೇ ಇರಲಿ, ನಿದ್ದೆ ಹತ್ತಿದ ಮೇಲೆ ಹಾಸಿಗೆಗೆ ಬದಲಾಯಿಸಿ. ಎಷ್ಟೇ ಸಿಟ್ಟು ಬಂದರೂ ಕೂಸನ್ನು ಜೋರಾಗಿ ಕುಲುಕಬೇಡಿ, ಮಿದುಳಿಗೆ ಪೆಟ್ಟಾಗುತ್ತದೆ. ಕೈಲಾಗದು ಅನಿಸಿದಾಗ ಹಾಸಿಗೆಯಲ್ಲಿ ಮಲಗಿಸಿ ಐದು ನಿಮಿಷ ಹೊರಗೆ ಬಂದು ನಿಲ್ಲಿ. ತಪ್ಪಿಲ್ಲ.

ಅಪ್ಪಂದಿರೇ, ಈಗ ನಿಮ್ಮ ಸರದಿ. ಹಾಲು ಕುಡಿಸುವುದೊಂದು ಬಿಟ್ಟು ಉಳಿದದ್ದೆಲ್ಲ ನಿಮ್ಮಿಂದಾಗುತ್ತದೆ. ತೋಟದಿಂದ ಬಂದು ಕೈಕಾಲು ತೊಳೆದು, ಸಂಜೆಯ ಅಳುವಿನ ಹೊತ್ತಿಗೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಡೆದಾಡಿ. ಆ ಒಂದು ಗಂಟೆ ಬಾಣಂತಿ ಮಲಗಲಿ. ಅತ್ತೆಯವರೇ, ಕೂಸು ಮಲಗಿದಾಗ ಪಾತ್ರೆ ಕಾಯಲಿ, ಸೊಸೆಯೂ ಮಲಗಲಿ. ಬಾಣಂತಿ ಎರಡು ವಾರ ದಾಟಿದರೂ ಮಂಕಾಗಿದ್ದರೆ, ಕಾರಣವಿಲ್ಲದೆ ಅಳುತ್ತಿದ್ದರೆ, ಅದೂ ಕಾಯಿಲೆಯೇ. ಅದಕ್ಕೆ ಚಿಕಿತ್ಸೆಯಿದೆ. ಬೈಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕೊನೆಯದಾಗಿ ಒಂದು ಎಚ್ಚರಿಕೆ. ಎಲ್ಲ ಅಳುವೂ ಸಹಜವಲ್ಲ. ಎಳೆಗೂಸು ಹಾಲು ಕುಡಿಯುವುದನ್ನೇ ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ, ಎಬ್ಬಿಸಿದರೂ ಏಳದಂತಾದರೆ, ನಿಮಿಷಕ್ಕೆ 60ಕ್ಕಿಂತ ಹೆಚ್ಚು ಸಲ ಉಸಿರಾಡಿದರೆ, ಎದೆಯ ಕೆಳಭಾಗ ಒಳಗೆ ಎಳೆದುಕೊಂಡರೆ, ಫಿಟ್ಸ್ ಬಂದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಗಡಿಯ ಎರಡು ಕಡೆಯೂ ಅದೇ ನಂಬರು.

ಉಳಿದ ದಿನಗಳಲ್ಲಿ, ಅರ್ಧ ಗಂಟೆಗೇ ಎದ್ದು ಅಳುವ ನಿಮ್ಮ ಕೂಸು ಕಾರ್ಡಿನಲ್ಲಿ ಗ್ರಾಂ ಗ್ರಾಂ ಏರುತ್ತಿದ್ದರೆ, ಧೈರ್ಯವಾಗಿರಿ. ನಿಮ್ಮ ಹಾಲು ಸಾಲುತ್ತಿದೆ. ಬೇಕಾಗಿರುವುದು ಡಬ್ಬವಲ್ಲ, ಇನ್ನೊಂದು ಜೊತೆ ಕೈ.