ಎಳೆಯ ಬಸಿರೂ ಮುಚ್ಚಿಟ್ಟ ವಯಸ್ಸೂ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಈ ಸೀಮೆಯಲ್ಲಿ ಹೆಣ್ಣುಮಗಳ ಚೊಚ್ಚಲ ಬಸಿರೆಂದರೆ ಮನೆಗೆ ಹಬ್ಬವೇ ಸರಿ. ಕುಬಸ ಮಾಡಿ, ಇಳಕಲ್ಲ ಸೀರೆಯುಡಿಸಿ, ಉಡಿ ತುಂಬಿ, ಹೆರಿಗೆಗೆಂದು ತವರಿಗೆ ಕಳುಹಿಸುವರು. ಆದರೆ ಉಡಿ ತುಂಬಿಸಿಕೊಂಡವಳಿಗೆ ಹದಿನೆಂಟು ವರುಷ ತುಂಬಿವೆಯೇ ಎಂದು ಕೇಳಿದರೆ ಕೆಲವು ಮನೆಗಳಲ್ಲಿ ನಿಜವಾದ ಉತ್ತರ ಬರುವದಿಲ್ಲ. ಈ ಮರೆಮಾಚುವಿಕೆಯಿಂದ ಒದಗುವ ಅನರ್ಥವನ್ನು ವಾಚಕರ ಮುಂದಿಡಬಯಸುತ್ತೇವೆ.

ಈ ಊರುಗಳು 1997ರವರೆಗೆ ಬಿಜಾಪುರ ಜಿಲ್ಲೆಗೆ ಸೇರಿದ್ದವು. ಶಾರದಾ ಕಾಯಿದೆಯು 1930ನೆಯ ಏಪ್ರಿಲ್ 1ರಂದು ಜಾರಿಗೆ ಬಂದಾಗ ಹೆಣ್ಣಿನ ಲಗ್ನಕ್ಕೆ ಗೊತ್ತುಪಡಿಸಿದ ವಯಸ್ಸು 14. ಅದು 1949ರಲ್ಲಿ 15, 1978ರಲ್ಲಿ 18 ಆಯಿತು. 2017ರಿಂದ ಕರ್ನಾಟಕದಲ್ಲಿ ಬಾಲವಿವಾಹವು ಮೊದಲಿನಿಂದಲೇ ಅಸಿಂಧು. ಇಷ್ಟಾದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ 20ರಿಂದ 24 ವಯಸ್ಸಿನ ಸ್ತ್ರೀಯರೊಳಗೆ ನೂರಕ್ಕೆ 21 ಜನರ ಲಗ್ನವು ಹದಿನೆಂಟರೊಳಗೇ ಆಗಿದ್ದುದು ಕಂಡುಬಂದಿತು.

ಇನ್ನೂ ಬೆಳೆಯುತ್ತಿರುವ ಹುಡುಗಿಯ ಟೊಂಕದ ಎಲುಬು ಪೂರ್ತಿ ಬಲಿತಿರುವದಿಲ್ಲ. ಆದುದರಿಂದ ಕೂಸಿನ ತಲೆಯು ಇಳಿಯದೆ ಹೆರಿಗೆಯು ತಡೆಯಬಹುದು. ಎಳೆಯ ಬಸಿರಿನಲ್ಲಿ ರಕ್ತದೊತ್ತಡವೇರಿ, ಮುಖ ಕೈಕಾಲು ಬಾತು, ಕಣ್ಣು ಮಬ್ಬಾಗಿ, ಕೊನೆಗೆ ಸೆಳವು ಬರುವ ಭಯವೂ ಹೆಚ್ಚು. ಬಸುರಿಯ ಹಿಮೋಗ್ಲೋಬಿನ್ 11 ಗ್ರಾಂ ಇರಬೇಕು. ಅದು 7ಕ್ಕಿಂತ ಕೆಳಗಿಳಿದರೆ, ಬೇರೊಬ್ಬಳು ತಾಳಿಕೊಳ್ಳಬಹುದಾದ ರಕ್ತಸ್ರಾವವೇ ಇವಳ ಪ್ರಾಣವನ್ನು ತೆಗೆದೀತು. ಇವೆಲ್ಲವೂ ಮುಂದಾಗಿ ಗೊತ್ತಾದರೆ ಉಪಾಯವುಳ್ಳವೇ. ಹೆರಿಗೆಗಳು ದವಾಖಾನೆಯಲ್ಲಿ ಆಗತೊಡಗಿದುದು ಮುಖ್ಯ ಕಾರಣವಾಗಿ, ಕರ್ನಾಟಕದಲ್ಲಿ ಲಕ್ಷ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಮರಣವು 2018-20ರಲ್ಲಿ 69ಕ್ಕೆ ಇಳಿಯಿತು.

ಆದರೆ ದವಾಖಾನೆಯು ತನಗೆ ತಿಳಿಸಿದ್ದನ್ನೇ ನಂಬಿ ನಡೆಯಬೇಕಲ್ಲವೇ? ಬಸಿರು ನಿಂತ ಹನ್ನೆರಡು ವಾರಗಳೊಳಗೆ ಆಶಾ ಕಾರ್ಯಕರ್ತೆಯು ಹೆಸರು ಬರೆಯಿಸಿ ತಾಯಿ ಕಾರ್ಡು ಕೊಡಿಸಬೇಕು. ಹದಿನಾರರವಳನ್ನು ಹತ್ತೊಂಬತ್ತರವಳೆಂದು ಬರೆಯಿಸಿದರೆ ದಾದಿಯು ಅವಳನ್ನು ಸಾಧಾರಣ ಬಸುರಿಯರ ಸಾಲಿನಲ್ಲಿಯೇ ಎಣಿಸುವಳು. ಕೆಲವರು ಹೆಸರನ್ನೇ ಬರೆಯಿಸುವದಿಲ್ಲ. 2012ರ ಪೋಕ್ಸೋ ಕಾಯಿದೆಯ ಮೇರೆಗೆ ಇಂಥ ಸಂಗತಿಯನ್ನು ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಹದಿನೆಂಟರೊಳಗಿನ ಹೆಂಡತಿಯೊಡನೆ ಕೂಡುವದೂ ಅಪರಾಧವೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ಕೊಟ್ಟಿತು. ಮಕ್ಕಳ ರಕ್ಷಣೆಗಾಗಿ ಆದ ಈ ಕಾಯಿದೆಗೆ ಅಂಜಿ ಮನೆಯವರು ಹುಡುಗಿಯನ್ನು ದವಾಖಾನೆಯಿಂದಲೇ ದೂರವಿಡುತ್ತಾರೆ. ಅತ್ತೆಯ ಮನೆಯ ಊರಿನ ಆಶಾ ಅವಳು ತವರಿಗೆ ಹೋದಳೆನ್ನುವಳು. ತವರಿನ ಆಶಾಳಿಗೆ ಅವಳು ಬಂದುದೇ ತಿಳಿಯದು. ಸೆಳವು ಬಂದ ಮೇಲೆ ನಡುರಾತ್ರಿ ಹೊತ್ತು ತಂದರೆ ವೈದ್ಯರು ತಾನೆ ಏನು ಮಾಡಿಯಾರು?

ಕೇಡು ಅಲ್ಲಿಗೇ ನಿಲ್ಲದು. ಹುಡುಗಿ ಸತ್ತರೆ ದೂರು ಆಶಾಳ ಮೇಲೆಯೂ ದಾದಿಯ ಮೇಲೆಯೂ ಬೀಳುವದು. ಊರಿನ ಉಳಿದ ಬಸುರಿಯರೂ ದವಾಖಾನೆಗೆ ಅಂಜುವರು. ಇಂಥ ಪ್ರತಿಯೊಂದು ಮರಣದ ವಿಚಾರಣೆಯನ್ನು ಮಾಡುವ ಏರ್ಪಾಡು 2010ರಿಂದ ಇದೆ. ಮನೆಯವರು ಅಲ್ಲಿಯೂ ವಯಸ್ಸನ್ನು ಮುಚ್ಚಿಟ್ಟರೆ ನಿಜವಾದ ಕಾರಣವು ದಾಖಲೆಗೇ ಬಾರದೆ, ಮುಂದಿನವಳನ್ನು ಉಳಿಸಬಹುದಾದ ಪಾಠವು ಕಳೆದುಹೋಗುವದು.

ಆದುದರಿಂದ ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟು. ಹದಿನೆಂಟು ತುಂಬುವ ಮುನ್ನ ಮಗಳ ಲಗ್ನದ ಮಾತನ್ನೆತ್ತಬೇಡಿರಿ. ತಪ್ಪು ನಡೆದುಹೋಗಿ ಹುಡುಗಿ ಬಸುರಾಗಿದ್ದರೆ, ಮಾನದ ಮಾತಾಗಲಿ ಕಾಯಿದೆಯ ಭಯವಾಗಲಿ ಅವಳ ಪ್ರಾಣಕ್ಕಿಂತ ದೊಡ್ಡದಲ್ಲ; ನಿಜವಾದ ವಯಸ್ಸನ್ನು ಮೊದಲ ದಿನವೇ ದಾದಿಗೆ ಹೇಳಿರಿ. ಪ್ರತಿ ತಿಂಗಳು 9ರಂದು ಸರಕಾರಿ ದವಾಖಾನೆಗಳಲ್ಲಿ ನಡೆಯುವ ಬಸುರಿಯರ ತಪಾಸಣೆಗೆ ಕರೆದೊಯ್ಯಿರಿ. ತವರಿಗೆ ಕಳುಹಿಸುವಾಗ ಉಡಿಯ ಸಂಗಡ ತಾಯಿ ಕಾರ್ಡನ್ನೂ ಕೊಟ್ಟು, ಎರಡೂ ಊರಿನ ಆಶಾರಿಗೆ ತಿಳಿಸಿರಿ. ಸೆಳವು, ರಕ್ತಸ್ರಾವ, ಕಣ್ಣು ಮಬ್ಬಾಗುವದು ಇವುಗಳಲ್ಲೊಂದು ಕಂಡರೂ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿರಿ. ಮನೆಯ ಹಿರಿಯ ಹೆಂಗಸರು ಮನಸ್ಸು ಮಾಡಿದರೆ ಇದು ಅಸಾಧ್ಯವಾದುದಲ್ಲವೆಂದು ನಾವು ನಂಬಿದ್ದೇವೆ.